ಸುಮ್ಮನಿರಲು ಒಪ್ಪದ ಅಧಿಕಾರಿ: ಮುಲ್ತಾತುಲಿ ಮತ್ತು ಜಾವಾದ ಕಾಫಿ

‘ನಾನು ಕಾಫಿ ದಲ್ಲಾಳಿ. ಲೌರಿಯರ್‌ಗ್ರಾಖ್ಟ್ 37ನೇ ನಂಬರಿನಲ್ಲಿ ನನ್ನ ವಾಸ.’

ಡಚ್ ಭಾಷೆಯ ಅತಿ ಹೆಸರಾದ ಕಾದಂಬರಿ ಶುರುವಾಗುವುದು ಈ ಮಾತಿನಿಂದ. ಹೇಳುತ್ತಿರುವವನು ಬಟಾವಸ್ ಡ್ರೋಗ್‌ಸ್ಟೊಪೆಲ್ ಎಂಬ ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿ. ಅವನಿಗೆ ಕಥೆ, ಕವಿತೆ, ನಾಟಕ ಯಾವುದೂ ಆಗಿಬರುವುದಿಲ್ಲ. ಎಲ್ಲಾ ಬರೀ ಸುಳ್ಳು ಅನ್ನುತ್ತಾನೆ. ವ್ಯಾಪಾರ, ಭಾನುವಾರದ ಚರ್ಚು, ಮರ್ಯಾದಸ್ಥ ಮನೆತನ, ಇಷ್ಟಿದ್ದರೆ ಅವನಿಗೆ ಸಾಕು. ಅವನು ಕೊಂಡು ಮಾರುವ ಕಾಫಿ ಜಾವಾದಿಂದ ಬರುತ್ತದೆ, ಆಗ ಡಚ್ಚರು ಆಳುತ್ತಿದ್ದ, ಇಂದಿನ ಇಂಡೋನೇಷ್ಯಾದ ದ್ವೀಪದಿಂದ. ಅಲ್ಲಿ ಅದನ್ನು ಬೆಳೆಯುವವರು ಯಾರು, ಅವರು ಏನು ಉಣ್ಣುತ್ತಾರೆ ಅನ್ನುವ ಪ್ರಶ್ನೆ ಅವನ ತಲೆಗೆ ಒಂದು ದಿನವೂ ಬಂದಿಲ್ಲ.

ನಾನು ಈ ಪುಸ್ತಕ ಓದಿದ್ದು ಇಂಗ್ಲಿಷ್ ಅನುವಾದದಲ್ಲಿ. ಜಾವಾದ ರೈತರ ಕಷ್ಟದ ಕಥೆ ಅಂತ ಕೇಳಿ ಕೈಗೆತ್ತಿಕೊಂಡರೆ, ಈ ದಲ್ಲಾಳಿಯ ಮಾತೇ ಪುಟಗಟ್ಟಲೆ. ಇವನ ಜೊತೆ ಇಷ್ಟು ಹೊತ್ತು ಯಾಕೆ ಕೂರಿಸುತ್ತಾನೆ ಲೇಖಕ ಅಂತ ಅನ್ನಿಸಿತ್ತು. ಅರ್ಧ ಪುಸ್ತಕ ದಾಟಿದ ಮೇಲೆ ಅರ್ಥವಾಯಿತು. ರೈತನ ಎಮ್ಮೆಯನ್ನು ಕಿತ್ತುಕೊಂಡ ಊರ ಯಜಮಾನ, ಅದನ್ನು ನೋಡಿಯೂ ಸುಮ್ಮನಿದ್ದ ಅಧಿಕಾರಿ, ಆ ಅಧಿಕಾರಿಯಿಂದ ಲಾಭ ಬಯಸಿದ ಸರ್ಕಾರ, ಹರಾಜಿನಲ್ಲಿ ಕೂತ ದಲ್ಲಾಳಿ, ಬೆಳಿಗ್ಗೆ ಕಾಫಿ ಕುಡಿಯುವ ಮನೆ: ಇವೆಲ್ಲ ಒಂದೇ ಸರಪಳಿ. ಲೇಖಕ ಕಥೆಯನ್ನು ಆ ಸರಪಳಿಯ ಸುಖದ ತುದಿಯಿಂದ ಶುರು ಮಾಡಿದ್ದ. 1860ರ ಡಚ್ ಓದುಗ ತನ್ನ ಮನೆಯ ಮೇಜಿನ ಮುಂದೆಯೇ ಸಿಕ್ಕಿಬಿದ್ದ.

ಪುಸ್ತಕದ ಹೆಸರು ‘ಮ್ಯಾಕ್ಸ್ ಹಾವೆಲಾರ್, ಅಥವಾ ಡಚ್ ವ್ಯಾಪಾರ ಸಂಸ್ಥೆಯ ಕಾಫಿ ಹರಾಜುಗಳು’. ಬರೆದವನು ತನ್ನನ್ನು ಮುಲ್ತಾತುಲಿ ಎಂದು ಕರೆದುಕೊಂಡ. ಲ್ಯಾಟಿನ್‌ನಲ್ಲಿ ‘ನಾನು ಬಹಳ ಸಹಿಸಿದ್ದೇನೆ’ ಅಂತ ಅರ್ಥ. ನಿಜವಾದ ಹೆಸರು ಎಡ್ವರ್ಡ್ ದೌವೆಸ್ ಡೆಕ್ಕರ್.

ಡೆಕ್ಕರ್ ಹುಟ್ಟಿದ್ದು 1820ರ ಮಾರ್ಚ್ 2ರಂದು, ಆಮ್‌ಸ್ಟರ್‌ಡ್ಯಾಮಿನ ಒಂದು ಇಕ್ಕಟ್ಟು ಗಲ್ಲಿಯಲ್ಲಿ. ಅಪ್ಪ ಹಡಗಿನ ಕ್ಯಾಪ್ಟನ್. ಹದಿನೆಂಟರ ಹರೆಯದಲ್ಲಿ ಅಪ್ಪನ ಹಡಗು ಹತ್ತಿದ ಹುಡುಗ 1839ರ ಜನವರಿಯಲ್ಲಿ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ ಇಳಿದ. ಸರ್ಕಾರದ ಲೆಕ್ಕಪತ್ರ ಕಚೇರಿಯಲ್ಲಿ ಕೆಲಸ ಸಿಕ್ಕಿತು. 1842ರಲ್ಲಿ ಸುಮಾತ್ರಾದ ನಾತಾಲ್‌ಗೆ ಹಾಕಿದರು. ಅಲ್ಲಿ ಅವನ ಖಜಾನೆ ಲೆಕ್ಕದಲ್ಲಿ ಹಣ ಕಡಿಮೆ ಬಿತ್ತು. ಮೇಲಧಿಕಾರಿ ಜನರಲ್ ಮಿಖಿಲ್ಸ್ ಅವನನ್ನು ಅಮಾನತು ಮಾಡಿದ. ಪಾದಾಂಗ್ ಊರಿನಲ್ಲಿ ಸಂಬಳವಿಲ್ಲದೆ, ಹೊಟ್ಟೆಗಿಲ್ಲದೆ ತಿಂಗಳುಗಟ್ಟಲೆ ಅಲೆದ. ಕಳ್ಳತನ ಮಾಡಿದ್ದನೇ? ಹಾಗೆ ಯಾರೂ ಸಾಬೀತು ಮಾಡಲಿಲ್ಲ. ಲೆಕ್ಕದ ವಿಷಯದಲ್ಲಿ ಮನುಷ್ಯ ಭಾರೀ ಸಡಿಲ, ಅದು ಮಾತ್ರ ನಿಜ. ಕೈಗೆ ಬಂದ ದುಡ್ಡು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಜೂಜಿನ ಚಟವೂ ಇತ್ತು.

1846ರಲ್ಲಿ ಟೀನಳನ್ನು ಮದುವೆಯಾದ. ಮೆನಾಡೊ, ಆಂಬೊನ್ ಅಂತ ದ್ವೀಪದಿಂದ ದ್ವೀಪಕ್ಕೆ ವರ್ಗ. 1852ರಲ್ಲಿ ರಜೆ ಮೇಲೆ ಯುರೋಪಿಗೆ ಹೋಗಿ, ಸಾಲ ತಲೆ ಮೇಲೆ ಹೊತ್ತುಕೊಂಡು 1855ರಲ್ಲಿ ಮರಳಿದ. ಇಲ್ಲಿಯವರೆಗಿನ ಬದುಕು ಒಬ್ಬ ಬುದ್ಧಿವಂತ, ದುಂದುಗಾರ, ಮುಂಗೋಪಿ ಅಧಿಕಾರಿಯದು. ಅಂಥ ಸಾವಿರ ಜನರಲ್ಲಿ ಇವನೂ ಒಬ್ಬ. 1856ರ ಜನವರಿಯಲ್ಲಿ ಗವರ್ನರ್ ಜನರಲ್ ಡೌಮಾಯರ್ ಫಾನ್ ಟ್ವಿಸ್ಟ್ ಅವನನ್ನು ಪಶ್ಚಿಮ ಜಾವಾದ ಬಂತೆನ್ ಪ್ರಾಂತದ ಲೆಬಾಕ್ ಜಿಲ್ಲೆಗೆ ಅಸಿಸ್ಟೆಂಟ್ ರೆಸಿಡೆಂಟ್ ಆಗಿ, ಅಂದರೆ ಜಿಲ್ಲೆಯ ಡಚ್ ಮುಖ್ಯಾಧಿಕಾರಿಯಾಗಿ ಕಳಿಸಿದ. ಅಲ್ಲಿದ್ದದ್ದು ಮೂರು ತಿಂಗಳೂ ಇಲ್ಲ. ಅಷ್ಟರಲ್ಲೇ ಎಲ್ಲಾ ಆಗಿಹೋಯಿತು.

ಆಗಿದ್ದು ಏನು ಅಂತ ತಿಳಿಯಬೇಕಾದರೆ ಅಂದಿನ ಜಾವಾದ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು. 1830ರಲ್ಲಿ ಯೋಹಾನೆಸ್ ಫಾನ್ ಡೆನ್ ಬಾಸ್ ಎಂಬ ಗವರ್ನರ್ ಜನರಲ್ ಒಂದು ಪದ್ಧತಿ ತಂದ. ಕಾಗದದ ಮೇಲೆ ನೋಡಿದರೆ ಸರಳ. ಹಳ್ಳಿಯವರು ಕಂದಾಯದ ಬದಲು ತಮ್ಮ ಭೂಮಿಯ ಐದನೇ ಒಂದು ಭಾಗದಲ್ಲಿ ಸರ್ಕಾರ ಹೇಳಿದ ಬೆಳೆ ಬೆಳೆಯಬೇಕು. ಕಬ್ಬು, ಬಣ್ಣ ತೆಗೆಯುವ ನೀಲಿ ಗಿಡ, ಹೀಗೆ. ಭೂಮಿ ಇಲ್ಲದವರು ವರ್ಷಕ್ಕೆ 66 ದಿನ ಸರ್ಕಾರದ ಹೊಲದಲ್ಲಿ ದುಡಿಯಬೇಕು. ಕಾಫಿಯನ್ನು ಹೆಚ್ಚಾಗಿ ಗುಡ್ಡದ ಪಾಳುಭೂಮಿಯಲ್ಲಿ ಹಾಕಿಸುತ್ತಿದ್ದರು. ಒಂದೊಂದು ಮನೆಗೆ ಇಂತಿಷ್ಟು ಗಿಡ ಅಂತ ಹಂಚಿಕೆ. ಬೆಳೆದದ್ದನ್ನು ಸರ್ಕಾರ ಹೇಳಿದ ಬೆಲೆಗೆ ಸರ್ಕಾರಕ್ಕೇ ಕೊಡಬೇಕು. ಅದನ್ನು ಹಡಗಿಗೆ ತುಂಬಿ ಹಾಲೆಂಡಿಗೆ ಸಾಗಿಸಿ ಹರಾಜು ಹಾಕುವುದು ಪುಸ್ತಕದ ಹೆಸರಿನಲ್ಲಿರುವ ಆ ಡಚ್ ವ್ಯಾಪಾರ ಸಂಸ್ಥೆಯ ಕೆಲಸ. ಡ್ರೋಗ್‌ಸ್ಟೊಪೆಲ್ ಕೂರುವುದು ಅದೇ ಹರಾಜಿನಲ್ಲಿ.

ಜಾವಾಕ್ಕೆ ಕಾಫಿ ಗಿಡ ಹೋದದ್ದು ನಮ್ಮ ಕಡೆಯಿಂದಲೇ. 1690ರ ದಶಕದಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದ ಸಸಿಗಳನ್ನು ಬಟಾವಿಯಾಕ್ಕೆ ಒಯ್ದರು. ಮೊದಲ ಸಲದ್ದು ಪ್ರವಾಹಕ್ಕೆ ಸಿಕ್ಕಿ ಹಾಳಾಯಿತು, 1699ರಲ್ಲಿ ಮತ್ತೆ ಒಯ್ದರು. ಮಲಬಾರಿನ ಕಾಫಿಯ ಮೂಲ ಹುಡುಕಿದರೆ ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಅನ್ನುವ ಕಥೆಗೆ ಬಂದು ನಿಲ್ಲುತ್ತೇವೆ. ಅದು ಪ್ರತೀತಿ, ದಾಖಲೆ ಅಲ್ಲ. ಆದರೆ ಮಲಬಾರಿನಿಂದ ಜಾವಾಕ್ಕೆ ಗಿಡ ಹೋದದ್ದು ಮಾತ್ರ ಇತಿಹಾಸ. ಆ ಗಿಡಗಳೇ ಜಾವಾದ ಬೆಟ್ಟಗಳಲ್ಲಿ ಹಬ್ಬಿ, 1830ಕ್ಕೂ ಮುಂಚೆಯೇ ಪ್ರಿಯಾಂಗನ್ ಸೀಮೆಯ ರೈತರ ಮೇಲೆ ಬಲವಂತದ ಬೆಳೆಯಾಗಿ ಹೇರಲ್ಪಟ್ಟಿದ್ದವು.

ಈ ಪದ್ಧತಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಶೇಕಡಾವಾರು ಕಮಿಷನ್. ಬೆಳೆ ಜಾಸ್ತಿಯಾದಷ್ಟೂ ಡಚ್ ಅಧಿಕಾರಿಗೂ ಸ್ಥಳೀಯ ಒಡೆಯರಿಗೂ ಪಾಲು ಜಾಸ್ತಿ. ಸಾಕು ಅನ್ನುವವರು ಸರಪಳಿಯಲ್ಲಿ ಯಾರೂ ಉಳಿಯಲಿಲ್ಲ. ಐದನೇ ಒಂದು ಭಾಗ ಎಂದದ್ದು ಎಷ್ಟೋ ಕಡೆ ದಾಟಿಹೋಯಿತು. ಭತ್ತಕ್ಕೆ ನೀರು, ಹೊತ್ತು, ಆಳು ಉಳಿಯಲಿಲ್ಲ. 1849–50ರಲ್ಲಿ ಮಧ್ಯ ಜಾವಾದ ದೆಮಾಕ್ ಮತ್ತು ಗ್ರೊಬೊಗಾನ್‌ನಲ್ಲಿ ಘೋರ ಬರ ಬಿತ್ತು. ಕೋಲು ನೆಟ್ಟರೂ ಚಿಗುರುವ ಮಣ್ಣಿನಲ್ಲಿ ಜನ ಹಸಿದು ಸತ್ತರು. ಅದೇ ಹೊತ್ತಿಗೆ ಹಾಲೆಂಡಿನ ಸರ್ಕಾರದ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಜಾವಾದ ಈ ಲಾಭದಿಂದ ಬರುತ್ತಿತ್ತು. 1877ರವರೆಗೆ ಒಟ್ಟು 80 ಕೋಟಿ ಗಿಲ್ಡರ್‌ಗೂ ಜಾಸ್ತಿ. ಆ ದುಡ್ಡಿನಲ್ಲಿ ಹಾಲೆಂಡ್ ತನ್ನ ಸಾಲ ತೀರಿಸಿತು, ರೈಲು ಹಳಿ ಹಾಕಿತು. 1863ರಲ್ಲಿ ಸುರಿನಾಮ್‌ನಲ್ಲಿ ಗುಲಾಮಗಿರಿ ರದ್ದು ಮಾಡಿದಾಗ ಗುಲಾಮರ ಮಾಲೀಕರಿಗೆ ಕೊಟ್ಟ ಪರಿಹಾರವೂ ಇದೇ ಗಂಟಿನಿಂದ. ಈ ಕೊನೆಯ ಮಾತು ಓದಿದಾಗ ನನಗೆ ಸ್ವಲ್ಪ ಹೊತ್ತು ಮುಂದಿನ ಪುಟ ತಿರುಗಿಸಲು ಆಗಲಿಲ್ಲ.

ಲೆಬಾಕ್ ಬಡ ಜಿಲ್ಲೆ. ಅಲ್ಲಿ ಕಾಫಿ ಹೇಳಿಕೊಳ್ಳುವಷ್ಟು ಬೆಳೆಯುತ್ತಿರಲಿಲ್ಲ. ಪುಸ್ತಕದ ಹೆಸರಿನಲ್ಲಿ ಕಾಫಿ ಇದೆ, ಲೆಬಾಕ್‌ನ ಜನರ ಗೋಳು ಬೇರೆಯದೇ. ಡಚ್ಚರು ಜಾವಾವನ್ನು ಆಳುತ್ತಿದ್ದದ್ದು ಸ್ಥಳೀಯ ಒಡೆಯರ ಮೂಲಕ. ಅವರನ್ನು ರೀಜೆಂಟ್ ಅನ್ನುತ್ತಿದ್ದರು. ಲೆಬಾಕ್‌ನ ರೀಜೆಂಟ್ ಕಾರ್ತಾ ನಾತಾ ನಗರ. ವಯಸ್ಸಾದ ಮನುಷ್ಯ, ದೊಡ್ಡ ಬಳಗ, ಸಣ್ಣ ವರಮಾನ. ಚಿಯಾಂಜುರ್‌ನ ಶ್ರೀಮಂತ ರೀಜೆಂಟ್ ಇವರ ನೆಂಟ. ಆತ ಪರಿವಾರ ಸಮೇತ ಬರುತ್ತಾನೆ ಅಂದರೆ ಮರ್ಯಾದೆ ಉಳಿಯಬೇಕಲ್ವಾ. ಊರೂರಿಂದ ಜನರನ್ನು ಬಿಟ್ಟಿ ಚಾಕರಿಗೆ ಎಳೆದು ತರುವುದು, ಅರಮನೆ ಮುಂದಿನ ಬಯಲಿನ ಹುಲ್ಲು ಕೀಳಿಸುವುದು, ಅಡುಗೆಗೆ ಕೋಳಿ, ಅಕ್ಕಿ, ಎಮ್ಮೆ ಕಿತ್ತು ತರುವುದು. ಎಮ್ಮೆ ಹೋದರೆ ಹೊಲ ಉಳುವುದು ಯಾವುದರಿಂದ? ಒಡೆಯರು ಬಲವಂತದ ಬೆಳೆಯನ್ನು ಸಸ್ತಾದಲ್ಲಿ ಬೆಳೆಸಿಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಸರ್ಕಾರ ಅವರ ಇಂಥ ಸುಲಿಗೆಗೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಲೆಬಾಕ್‌ಗೂ ಕಾಫಿ ಹರಾಜಿಗೂ ಇರುವ ನಂಟು ಇದು.

ಕಾನೂನು ಚೆನ್ನಾಗಿಯೇ ಇತ್ತು ಅನ್ನುವುದು ಇಲ್ಲಿ ಮುಖ್ಯ. ಜನರನ್ನು ದಬ್ಬಾಳಿಕೆ ಮತ್ತು ಸುಲಿಗೆಯಿಂದ ಕಾಪಾಡುತ್ತೇನೆ ಅಂತ ಪ್ರತಿ ಡಚ್ ಅಧಿಕಾರಿ ಪ್ರಮಾಣ ಮಾಡಿಯೇ ಕುರ್ಚಿಯಲ್ಲಿ ಕೂರುತ್ತಿದ್ದ. ಹೀಗೆ ಪ್ರಮಾಣ ಮಾಡಿದವರೇ ಸುಲಿಗೆಯನ್ನು ನೋಡಿಯೂ ‘ಜಿಲ್ಲೆಯಲ್ಲಿ ಎಲ್ಲವೂ ಶಾಂತ’ ಎಂದು ವರದಿ ಬರೆಯುತ್ತಿದ್ದರು. ಕಾದಂಬರಿಯಲ್ಲಿ ಈ ವರದಿಗಳ ಬಗ್ಗೆ ಸಿಟ್ಟಿನ ಪುಟಗಳಿವೆ. ಒಂದು ಜಿಲ್ಲೆಯಿಂದ ಹೋಯಿತೆನ್ನುವ ಅಕ್ಕಿಗೂ ಇನ್ನೊಂದು ಜಿಲ್ಲೆಗೆ ಬಂತೆನ್ನುವ ಅಕ್ಕಿಗೂ ತಾಳೆಯೇ ಆಗುವುದಿಲ್ಲ. ಯಾರೂ ಕೂಡಿ ನೋಡುವುದಿಲ್ಲ. ಕೂಡಿ ನೋಡಿದವನು ಕೆಲಸಕ್ಕೆ ಬಾರದವನು. ಸರ್ಕಾರಿ ಕಡತ ಕಂಡವರಿಗೆ ಈ ಪುಟಗಳು ಹಳೆಯದೆನ್ನಿಸುವುದಿಲ್ಲ.

ಡೆಕ್ಕರ್‌ಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವನು ಕರೋಲಸ್. 1855ರಲ್ಲಿ ಸತ್ತ. ಅವನ ಹೆಂಡತಿ ಇನ್ನೂ ಅದೇ ಆವರಣದಲ್ಲಿದ್ದಳು. ಕಾದಂಬರಿಯಲ್ಲಿ ಈ ವಿಧವೆ ಯಾರ ಜೊತೆಗೂ ಬೆರೆಯುವುದಿಲ್ಲ, ಕಾಂಪೌಂಡಿನೊಳಗೆ ಹೊಸಬರು ಕಾಲಿಟ್ಟರೆ ಓಡಿಸುತ್ತಾಳೆ. ಹಾವೆಲಾರ್‌ಗೆ, ಅಂದರೆ ಕಾದಂಬರಿಯೊಳಗಿನ ಡೆಕ್ಕರ್‌ಗೆ, ಮೊದಲು ಇದು ವಿಚಿತ್ರ ಸ್ವಭಾವ ಅನ್ನಿಸುತ್ತದೆ. ಕಾರಣ ಆಮೇಲೆ ತಿಳಿಯುತ್ತದೆ. ಗಂಡನಿಗೆ ವಿಷ ಹಾಕಿ ಕೊಂದರು ಅಂತ ಅವಳ ನಂಬಿಕೆ. ಹೊಸದಾಗಿ ಬಂದ ಈ ಅಧಿಕಾರಿಗೂ ಹಾಗಾಗಬಾರದು ಅಂತ ಅವಳು ಕಾವಲು ಕಾಯುತ್ತಿದ್ದಳು. ಕರೋಲಸ್ ಸಾವು ವಿಷದಿಂದಲೇ ಅನ್ನುವುದು ಎಂದೂ ರುಜುವಾಗಲಿಲ್ಲ. ಆದರೆ ಆ ಭಯ ನಿಜ. ದೂರು ಹೇಳುವವರು ರಾತ್ರಿ ಹೊತ್ತು, ಪೊದೆಗಳ ಮರೆಯಲ್ಲಿ ನುಸುಳಿಕೊಂಡು ಬರುತ್ತಿದ್ದರು. ಬೆಳಿಗ್ಗೆ ಸಾಕ್ಷಿ ಹೇಳು ಅಂದರೆ ಬಾಯಿ ಬಿಡುತ್ತಿರಲಿಲ್ಲ.

ಆ ಪೊದೆಗಳಿಗೂ ಒಂದು ಕಥೆ ಇದೆ. ಅಧಿಕಾರಿಯ ಮನೆ ಸುತ್ತ ದೊಡ್ಡ ತೋಟ. ಅದನ್ನು ಚೊಕ್ಕಟವಾಗಿಡಲು ಹಳ್ಳಿಯಿಂದ ಬಿಟ್ಟಿ ಆಳುಗಳನ್ನು ಕರೆಸುವುದು ರೂಢಿ. ಹಾವೆಲಾರ್ ಕರೆಸುವುದಿಲ್ಲ. ಕೂಲಿ ಕೊಟ್ಟು ಮಾಡಿಸಲು ಕಿಸೆಯಲ್ಲಿ ಕಾಸಿಲ್ಲ. ತೋಟ ಕಾಡಾಗುತ್ತದೆ, ಹಾವು ಸೇರುತ್ತವೆ, ಅವನ ಪುಟ್ಟ ಮಗ ಹೊರಗೆ ಆಡುವ ಹಾಗಿಲ್ಲ. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ ವಿವರ ಇದು. ದೊಡ್ಡ ಭಾಷಣ ಯಾರು ಬೇಕಾದರೂ ಮಾಡಬಹುದು. ಮಗುವನ್ನು ಮನೆಯೊಳಗೆ ಕೂರಿಸಿ, ಹುಲ್ಲು ಬೆಳೆಯಲು ಬಿಡುವುದು ಬೇರೆ.

1856ರ ಫೆಬ್ರವರಿ 24ರಂದು ಡೆಕ್ಕರ್ ತನ್ನ ಮೇಲಧಿಕಾರಿ, ಬಂತೆನ್‌ನ ರೆಸಿಡೆಂಟ್ ಬ್ರೆಸ್ಟ್ ಫಾನ್ ಕೆಂಪೆನ್‌ಗೆ ಪತ್ರ ಬರೆದ. ರೀಜೆಂಟ್ ಅಧಿಕಾರ ದುರುಪಯೋಗ ಮಾಡಿದ್ದಾನೆ, ಜನರ ದುಡಿಮೆಯನ್ನು ಕಾನೂನು ಮೀರಿ ಬಳಸಿದ್ದಾನೆ ಎಂದು ನೇರ ಆರೋಪ. ಸುಲಿಗೆಯ ಶಂಕೆಯೂ ಇದೆ ಎಂದು ಸೇರಿಸಿದ. ತನಿಖೆ ಮುಗಿಯುವ ತನಕ ಅವನನ್ನು ಲೆಬಾಕ್‌ನಿಂದ ಸೆರಾಂಗ್‌ಗೆ ಕಳಿಸಬೇಕು, ಅವನ ಅಳಿಯ, ಪರಾಂಗ್‌ಕುಜಾಂಗ್‌ನ ಮುಖಂಡನನ್ನು ಬಂಧಿಸಬೇಕು ಎಂದು ಕೇಳಿದ. ಇಲ್ಲದಿದ್ದರೆ ಸಾಕ್ಷಿಗಳು ಬಾಯಿ ಬಿಡುವುದಿಲ್ಲ ಅನ್ನುವುದು ಅವನ ವಾದ. ಬಂದು ಒಂದು ತಿಂಗಳಷ್ಟೇ ಆಗಿತ್ತು.

ರೆಸಿಡೆಂಟ್ ಗಾಬರಿಯಾದ. ಪತ್ರ ವಾಪಸ್ ತೆಗೆದುಕೋ ಅಂದ. ಮಾತಿನಲ್ಲೇ ಬಗೆಹರಿಸೋಣ ಅಂದ. ಡೆಕ್ಕರ್ ಒಪ್ಪಲಿಲ್ಲ. ವಿಷಯ ಗವರ್ನರ್ ಜನರಲ್ ತನಕ ಹೋಯಿತು. ಅಲ್ಲಿಂದ ಬಂದದ್ದು ಛೀಮಾರಿ ಮತ್ತು ಙಾವಿ ಎಂಬ ಊರಿಗೆ ವರ್ಗ. ಮಾರ್ಚ್ ಕೊನೆಯಲ್ಲಿ ಡೆಕ್ಕರ್ ರಾಜೀನಾಮೆ ಬಿಸಾಕಿದ. ಏಪ್ರಿಲ್‌ನಲ್ಲಿ ಅದು ಮಂಜೂರಾಯಿತು. ಗವರ್ನರ್ ಜನರಲ್‌ನನ್ನು ಕಂಡು ಎಲ್ಲಾ ಹೇಳಬೇಕು ಅಂತ ಬಟಾವಿಯಾಕ್ಕೆ ಹೋದರೆ ಭೇಟಿ ಸಿಗಲಿಲ್ಲ. ಆ ಸಾಹೇಬರ ಅವಧಿ ಮುಗಿದಿತ್ತು, ಊರಿಗೆ ಹೊರಡುವ ಗಡಿಬಿಡಿ.

ಆಮೇಲೆ ಸರ್ಕಾರವೇ ತನಿಖೆ ನಡೆಸಿತು. ದೂರುಗಳಲ್ಲಿ ಎಷ್ಟೋ ನಿಜ ಅಂತ ಗೊತ್ತಾಯಿತು. ಕೆಳಗಿನ ಕೆಲವು ಮುಖಂಡರ ಕೆಲಸ ಹೋಯಿತು. ರೀಜೆಂಟ್‌ಗೆ ಎಚ್ಚರಿಕೆ ಕೊಟ್ಟು ಕೈ ತೊಳೆದುಕೊಂಡರು. ದೂರು ಕೊಟ್ಟ ಅಧಿಕಾರಿಯನ್ನು ಯಾರೂ ವಾಪಸ್ ಕರೆಯಲಿಲ್ಲ.

ಮುಂದಿನ ಮೂರು ವರ್ಷ ಅಲೆದಾಟ. 1859ರ ಶರತ್ಕಾಲದಲ್ಲಿ ಅವನು ಬ್ರಸೆಲ್ಸ್‌ನ ‘ಓ ಪ್ರಿನ್ಸ್ ಬೆಲ್ಜ್’ ಎಂಬ ಬಡ ಹೋಟೆಲಿನಲ್ಲಿದ್ದ. ಬಿಲ್ ಕಟ್ಟಲು ದುಡ್ಡಿಲ್ಲ. ಹೆಂಡತಿ, ಇಬ್ಬರು ಮಕ್ಕಳು ಹಾಲೆಂಡಿನಲ್ಲಿ ಅಣ್ಣನ ಹಂಗಿನಲ್ಲಿ. ಅಂಥ ಹೊತ್ತಿನಲ್ಲಿ ಕೂತು ಸುಮಾರು ಒಂದೇ ತಿಂಗಳಲ್ಲಿ ಕಾದಂಬರಿ ಬರೆದು ಮುಗಿಸಿದ. ಅಕ್ಟೋಬರ್ 13ರಂದು ಟೀನಳಿಗೆ ಬರೆದ ಪತ್ರದಲ್ಲಿ ‘ನನ್ನ ಪುಸ್ತಕ ಮುಗಿಯಿತು, ನನ್ನ ಪುಸ್ತಕ ಮುಗಿಯಿತು!’ ಅಂತ ಎರಡು ಸಲ ಬರೆದಿದ್ದಾನೆ.

ಆ ಪುಸ್ತಕದೊಳಗೆ ಒಂದು ಕಥೆ ಇದೆ, ಸೈಜಾ ಮತ್ತು ಅದಿಂದಾರದ್ದು. ಇಂಡೋನೇಷ್ಯಾದಲ್ಲಿ ಕಾದಂಬರಿ ಓದದವರಿಗೂ ಈ ಹೆಸರುಗಳು ಗೊತ್ತು. ಸೈಜಾನ ಅಪ್ಪನ ಎಮ್ಮೆಯನ್ನು ಪರಾಂಗ್‌ಕುಜಾಂಗ್‌ನ ಮುಖಂಡ ಕಿತ್ತುಕೊಳ್ಳುತ್ತಾನೆ. ಅಪ್ಪ ತನ್ನ ತಂದೆಯಿಂದ ಬಂದ ಕ್ರಿಸ್ ಕತ್ತಿಯನ್ನು 24 ಗಿಲ್ಡರ್‌ಗೆ ಮಾರಿ ಇನ್ನೊಂದು ಎಮ್ಮೆ ತರುತ್ತಾನೆ. ಅದನ್ನೂ ಕಿತ್ತುಕೊಂಡು ಕಡಿಯುತ್ತಾರೆ. ಅಪ್ಪ ಹೆಂಡತಿಯ ತವರಿನಿಂದ ಬಂದ, ಸೊಳ್ಳೆಪರದೆಯ ಬೆಳ್ಳಿ ಕೊಂಡಿಗಳನ್ನು 18 ಗಿಲ್ಡರ್‌ಗೆ ಮಾರಿ ಮೂರನೆಯದನ್ನು ತರುತ್ತಾನೆ. ಹೊಲದಲ್ಲಿ ಹುಲಿ ಬಂದಾಗ ಈ ಎಮ್ಮೆ ಸೈಜಾನನ್ನು ಕಾಲಡಿ ಇಟ್ಟುಕೊಂಡು ಹುಲಿಯನ್ನು ಕೊಂಬಿನಿಂದ ಸೀಳುತ್ತದೆ. ಅದೂ ಹೋಗುತ್ತದೆ. ಇನ್ನು ಮಾರಲು ಮನೆಯಲ್ಲಿ ಏನೂ ಇಲ್ಲ. ನನ್ನ ಕಥೆ ಒಂದೇ ಸಮನಾಗಿ ಬೇಸರ ತರಿಸುತ್ತದೆ, ಅಂತ ಲೇಖಕ ಮತ್ತೆ ಮತ್ತೆ ಓದುಗನಿಗೆ ಹೇಳುತ್ತಾನೆ. ಹೌದು, ಸುಲಿಗೆ ಒಂದೇ ಥರ ಇರುತ್ತದೆ. ಮೊದಲ ಎಮ್ಮೆಗೆ ಅತ್ತವರು ಮೂರನೆಯದಕ್ಕೆ ಆಕಳಿಸಬಾರದು ಅನ್ನುವುದೇ ಅವನ ಹಟ.

ಅಪ್ಪ, ಅಮ್ಮ ಇಬ್ಬರೂ ಸಾಯುತ್ತಾರೆ. ಸೈಜಾ ಎಮ್ಮೆ ಕೊಳ್ಳುವಷ್ಟು ಸಂಪಾದಿಸಲು ಬಟಾವಿಯಾಕ್ಕೆ ಹೊರಡುತ್ತಾನೆ. ಮೂರು ವರ್ಷ, ಅಂದರೆ ಮೂವತ್ತಾರು ಹುಣ್ಣಿಮೆ-ಅಮಾವಾಸ್ಯೆ ಕಳೆದ ಮೇಲೆ ಊರಾಚೆಯ ಮರದ ಕೆಳಗೆ ಸಿಗೋಣ ಅಂತ ಅದಿಂದಾಗೆ ಹೇಳುತ್ತಾನೆ. ಅವಳು ಭತ್ತ ಕುಟ್ಟುವ ಮರದ ಒರಳಿನ ಮೇಲೆ ತಿಂಗಳಿಗೊಂದು ಗೆರೆ ಕೊರೆಯುತ್ತೇನೆ ಅನ್ನುತ್ತಾಳೆ. ಸೈಜಾ ಹೇಳಿದ ದಿನಕ್ಕೆ ಬರುತ್ತಾನೆ. ಮರದ ಕೆಳಗೆ ಯಾರೂ ಇಲ್ಲ. ಊರಿಗೆ ಓಡುತ್ತಾನೆ. ಮನೆಯೇ ಇಲ್ಲ. ಒರಳು ಸಿಗುತ್ತದೆ. ಎಣಿಸಿದರೆ ಮೂವತ್ತೆರಡು ಗೆರೆ. ಅದಿಂದಾಳ ಅಪ್ಪನ ಎಮ್ಮೆಯನ್ನೂ ಕಿತ್ತುಕೊಂಡಿದ್ದರು, ಆ ಕುಟುಂಬ ಸಮುದ್ರ ದಾಟಿ ಲಂಪುಂಗ್‌ನಲ್ಲಿ ಡಚ್ಚರ ವಿರುದ್ಧ ಎದ್ದವರ ಜೊತೆ ಸೇರಿತ್ತು. ಸೈಜಾ ಅಲ್ಲಿಗೂ ಹೋಗುತ್ತಾನೆ. ಡಚ್ ಸೈನ್ಯ ಆಗಷ್ಟೇ ಗೆದ್ದು ಸುಟ್ಟ ಹಳ್ಳಿಯಲ್ಲಿ ಅವಳ ಹೆಣ ಸಿಗುತ್ತದೆ. ಅವನು ಸೈನಿಕರ ಬಂದೂಕಿನ ಚೂರಿಗಳ ಮೇಲೆ ಹೋಗಿ ಬೀಳುತ್ತಾನೆ. ಬಟಾವಿಯಾದಲ್ಲಿ ಆ ಗೆಲುವಿಗೆ ದೇವರಿಗೆ ಕೃತಜ್ಞತೆ ಸಲ್ಲಿಸುತ್ತಾರೆ.

ಕೊನೆಯ ಪುಟಗಳಲ್ಲಿ ಲೇಖಕ ತಾನೇ ಎದ್ದು ನಿಲ್ಲುತ್ತಾನೆ. ಡ್ರೋಗ್‌ಸ್ಟೊಪೆಲ್‌ನನ್ನು ಹೊರಗೆ ಅಟ್ಟುತ್ತಾನೆ. ತಾನು ಸೃಷ್ಟಿಸಿದ ಪಾತ್ರಗಳಿಗೆಲ್ಲ ಸಾಕು ನಡೆಯಿರಿ ಅನ್ನುತ್ತಾನೆ. ಮುಲ್ತಾತುಲಿಯಾದ ನಾನೇ ಲೇಖನಿ ಹಿಡಿಯುತ್ತೇನೆ, ನನ್ನನ್ನು ಓದಲೇಬೇಕು ಅನ್ನುತ್ತಾನೆ. ನೇರ ರಾಜ ಮೂರನೇ ವಿಲಿಯಂನನ್ನು ಕೇಳುತ್ತಾನೆ: ಸಮಭಾಜಕದ ಸುತ್ತ ಪಚ್ಚೆಯ ಪಟ್ಟಿಯಂತೆ ಬಳಸಿರುವ ಆ ದ್ವೀಪಗಳಲ್ಲಿ ನಿನ್ನ ಮೂರು ಕೋಟಿಗೂ ಮಿಕ್ಕ ಪ್ರಜೆಗಳನ್ನು ನಿನ್ನ ಹೆಸರಿನಲ್ಲಿ ಹಿಂಸಿಸಿ ಸುಲಿಯುತ್ತಿದ್ದಾರೆ, ಇದು ನಿನ್ನ ಇಚ್ಛೆಯೇ? ಕಾದಂಬರಿಯ ಕಟ್ಟು ಅಲ್ಲಿಗೆ ಒಡೆದುಹೋಗುತ್ತದೆ. ಒಡೆದದ್ದೇ ಒಳ್ಳೆಯದಾಯಿತು ಅಂತ ನನಗನ್ನಿಸುತ್ತದೆ.

ಆದರೆ ಹಸ್ತಪ್ರತಿ ಕೈಯಲ್ಲಿ ಹಿಡಿದು ಈ ಮನುಷ್ಯ ಮಾಡಿದ್ದೇನು ಗೊತ್ತೇ? ಪ್ರಕಟಿಸದೆ ಇರಲು ಸಿದ್ಧ ಅಂದ. ಷರತ್ತು ಹಾಕಿದ. ಜಾವಾದಲ್ಲಿ ರೆಸಿಡೆಂಟ್ ಹುದ್ದೆ, ಪಿಂಚಣಿಗೆ ಹಿಂದಿನ ವರ್ಷಗಳ ಲೆಕ್ಕ, ದೊಡ್ಡ ಮುಂಗಡ ಹಣ, ಮೇಲೊಂದು ರಾಜ ಪದಕ. ಮಂತ್ರಿ ರೊಖುಸ್ಸೆನ್ ವೆಸ್ಟ್ ಇಂಡೀಸ್‌ನಲ್ಲಿ ಹುದ್ದೆ ಕೊಡಲು ನೋಡಿದ. ಡೆಕ್ಕರ್ ಬೇಡ ಅಂದ. ಹಾಗಾಗಿ ಪುಸ್ತಕ ಉಳಿಯಿತು. ಇದನ್ನು ಮುಚ್ಚಿಟ್ಟು ಅವನನ್ನು ಸಂತ ಮಾಡುವುದು ನನಗೆ ಇಷ್ಟವಿಲ್ಲ. ಅವನಿಗೆ ಲೆಬಾಕ್‌ನ ಜನರ ನ್ಯಾಯವೂ ಬೇಕಿತ್ತು, ತನ್ನ ನ್ಯಾಯವೂ ಬೇಕಿತ್ತು. ಎರಡೂ ಒಂದೇ ಅಂತ ಅವನು ಪ್ರಾಮಾಣಿಕವಾಗಿ ನಂಬಿದ್ದ.

ಪುಸ್ತಕ ಬಂದದ್ದು 1860ರ ಮೇ ತಿಂಗಳಲ್ಲಿ. ಅದನ್ನು ಹೊರತರಲು ನೆರವಾದವನು ಯಾಕೊಬ್ ಫಾನ್ ಲೆನ್ನೆಪ್, ಆ ಕಾಲದ ಹೆಸರಾಂತ ಲೇಖಕ. ಅವನಿಗೆ ಬರಹ ಹಿಡಿಸಿತ್ತು, ಅದರ ಬೆಂಕಿ ಹಿಡಿಸಿರಲಿಲ್ಲ. ಊರ ಹೆಸರುಗಳನ್ನೂ ಇಸವಿಗಳನ್ನೂ ಅಳಿಸಿ ಚುಕ್ಕಿ ಹಾಕಿದ. ಯಾವ ಜಿಲ್ಲೆ, ಯಾವ ವರ್ಷ ಅಂತ ಗೊತ್ತಾಗಬಾರದು. 4 ಗಿಲ್ಡರ್ ಬೆಲೆ ಇಟ್ಟು ಬಡವರ ಕೈಗೆ ಸಿಗದ ಹಾಗೆ ಮಾಡಿದ. 500 ಗಿಲ್ಡರ್ ಕೊಟ್ಟು ಬರೆಸಿಕೊಂಡ ಕಾಗದದ ಬಲದಿಂದ ಹಕ್ಕೂ ಅವನದೇ ಆಯಿತು. ಡೆಕ್ಕರ್ ಕೋರ್ಟಿಗೆ ಹೋದ. ಸೋತ. ಚುಕ್ಕಿಗಳಿದ್ದ ಜಾಗದಲ್ಲಿ ಹೆಸರುಗಳನ್ನು ಮರಳಿ ಬರೆಯಲು ಅವನಿಗೆ ಸಾಧ್ಯವಾದದ್ದು 1875ರ ಆವೃತ್ತಿಯಲ್ಲಿ, ಹದಿನೈದು ವರ್ಷ ಆದಮೇಲೆ. ಹೆಸರು, ಊರು, ದಿನಾಂಕ ಹಾಕಿ ದೂರು ಬರೆದದ್ದಕ್ಕೇ ಕೆಲಸ ಕಳೆದುಕೊಂಡವನು ಅವನು. ಅವನ ಪುಸ್ತಕದಿಂದ ಹೆಸರು, ಊರು, ದಿನಾಂಕವನ್ನೇ ಕಿತ್ತರು.

ಚುಕ್ಕಿ ಹಾಕಿದರೂ ಜನಕ್ಕೆ ಗೊತ್ತಾಗದೆ ಇರಲಿಲ್ಲ. ಪುಸ್ತಕ ದೇಶಕ್ಕೇ ನಡುಕ ಹುಟ್ಟಿಸಿದೆ ಅಂತ ಸಂಸದ ಫಾನ್ ಹುವೆಲ್ ಅದೇ ವರ್ಷ ಸಂಸತ್ತಿನಲ್ಲಿ ಹೇಳಿದ. ಆಮೇಲೆ ಒಂದೊಂದಾಗಿ ಬಲವಂತದ ಬೆಳೆಗಳು ಕಡಿಮೆಯಾದವು. 1870ರಲ್ಲಿ ಹೊಸ ಭೂ ಕಾನೂನು ಬಂತು. ಕಾಫಿಯ ಬಲವಂತ ಮಾತ್ರ ಇಪ್ಪತ್ತನೇ ಶತಮಾನದವರೆಗೂ ಎಳೆದಾಡಿಕೊಂಡೇ ಇತ್ತು. ಸರ್ಕಾರದ ಜಾಗಕ್ಕೆ ಖಾಸಗಿ ತೋಟದ ಕಂಪನಿಗಳು ಬಂದವು. ಡೆಕ್ಕರ್ ಇದಕ್ಕೂ ಮರುಳಾಗಲಿಲ್ಲ. 1862ರಲ್ಲೇ ‘ಸ್ವತಂತ್ರ ದುಡಿಮೆ’ಯ ಬಗ್ಗೆ ಒಂದು ಕಿರುಪುಸ್ತಕ ಬರೆದು, ಬಲವಂತದ ಬೆಳೆ ಬೇಕೆನ್ನುವವರು, ಖಾಸಗಿ ತೋಟ ಬೇಕೆನ್ನುವವರು, ಈ ಎರಡೂ ಪಕ್ಷಗಳ ಜಗಳ ಜಾವಾದಿಂದ ಲಾಭ ಎತ್ತುವ ದಾರಿ ಯಾವುದು ಎಂಬುದರ ಬಗ್ಗೆ ಮಾತ್ರ ಎಂದು ಬಿಡಿಸಿ ಹೇಳಿದ್ದ.

ಉಳಿದ ಬದುಕು ಬೇಗ ಹೇಳಿಬಿಡುತ್ತೇನೆ. ‘ಐಡಿಯಾಗಳು’ ಎಂಬ ಹೆಸರಿನಲ್ಲಿ ಏಳು ಸಂಪುಟ ಬರೆದ. ಧರ್ಮ, ಹೆಣ್ಣುಮಕ್ಕಳ ಓದು, ಕೂಲಿಗಳ ಬದುಕು, ಸಂಸತ್ತು, ಯಾವುದನ್ನೂ ಬಿಡಲಿಲ್ಲ. ಸಾಲವೂ ಅವನನ್ನು ಬಿಡಲಿಲ್ಲ. ಟೀನ ಮಕ್ಕಳನ್ನು ಕರೆದುಕೊಂಡು ಇಟಲಿಗೆ ಹೋದಳು, 1874ರಲ್ಲಿ ವೆನಿಸ್‌ನಲ್ಲಿ ತೀರಿಕೊಂಡಳು. ಕಾದಂಬರಿಯಲ್ಲಿ ಅವಳನ್ನು ಎಷ್ಟು ಪ್ರೀತಿಯಿಂದ ಚಿತ್ರಿಸಿದ್ದಾನೋ, ಬದುಕಿನಲ್ಲಿ ಅವಳನ್ನು ಅಷ್ಟೇ ಗೋಳು ಹೊಯ್ದುಕೊಂಡ. ಅವನ ಬಗ್ಗೆ ಓದುವಾಗ ನನಗೆ ಕೋಪ ಬರುವುದು ಇಲ್ಲಿಯೇ. ಆಮೇಲೆ ಮಿಮಿ ಎಂಬವಳನ್ನು ಮದುವೆಯಾಗಿ ಜರ್ಮನಿಯಲ್ಲಿ ನೆಲೆಸಿದ. 1887ರ ಫೆಬ್ರವರಿ 19ರಂದು ನೀಡರ್ ಇಂಗಲ್‌ಹೈಮ್‌ನಲ್ಲಿ ಸತ್ತ. ಗೋಥಾದಲ್ಲಿ ಅವನ ದೇಹವನ್ನು ಸುಟ್ಟರು. ಆಧುನಿಕ ಕಾಲದಲ್ಲಿ ಚಿತಾಗಾರದಲ್ಲಿ ದಹನವಾದ ಮೊದಲ ಡಚ್ಚ ಅವನು ಅನ್ನುತ್ತಾರೆ.

ಒಂದು ಮಾತು ಖಡಾಖಂಡಿತ ಹೇಳಬೇಕು. ಡಚ್ಚರು ಜಾವಾ ಬಿಟ್ಟು ಹೋಗಲಿ ಅಂತ ಮ್ಯಾಕ್ಸ್ ಹಾವೆಲಾರ್ ಕೇಳುವುದಿಲ್ಲ. ಸರಿಯಾಗಿ ಆಳಿ ಅಂತ ಕೇಳುತ್ತಾನೆ. ತಾನು ಹೋಗಿ ಕೂತರೆ ಸರಿಯಾಗಿ ಆಳಬಲ್ಲೆ ಅನ್ನುವ ನಂಬಿಕೆ ಅವನಿಗಿತ್ತು. ರೀಜೆಂಟ್ ಮಾಡಿದ್ದರಲ್ಲಿ ಎಷ್ಟೋ ಅಲ್ಲಿನ ಹಳೆಯ ಕಟ್ಟುಪಾಡು, ಜನ ಒಡೆಯನಿಗೆ ಸಲ್ಲಿಸುತ್ತಿದ್ದ ಸೇವೆ, ಅದನ್ನು ಡೆಕ್ಕರ್ ಯುರೋಪಿನ ಕಣ್ಣಿನಿಂದ ನೋಡಿ ಅಪರಾಧ ಅಂದ ಅಂತ ಡಚ್ ವಿಮರ್ಶಕ ರಾಬ್ ನ್ಯೂವೆನ್‌ಹೌಸ್ ವಾದಿಸಿದರು. ಈ ವಾದದಲ್ಲಿ ಸ್ವಲ್ಪ ಹುರುಳಿದೆ. ರಾತ್ರಿ ಪೊದೆಯೊಳಗೆ ನುಸುಳಿ ಬಂದು ದೂರು ಹೇಳಿದವರನ್ನು ಮಾತ್ರ ಈ ವಾದ ಮರೆತುಬಿಡುತ್ತದೆ. ಎಮ್ಮೆ ಕಳೆದುಕೊಂಡವನಿಗೆ ಅದು ಕಟ್ಟುಪಾಡು ಅನ್ನಿಸಿದ್ದರೆ ಅವನು ಕತ್ತಲಲ್ಲಿ ಅಷ್ಟು ದೂರ ನಡೆದು ಬರುತ್ತಿರಲಿಲ್ಲ.

ಅವನು ಕೇಳಿದ್ದು ಒಳ್ಳೆಯ ಸಾಮ್ರಾಜ್ಯ. ಅವನ ಓದುಗರು ಅಲ್ಲಿಗೆ ನಿಲ್ಲಲಿಲ್ಲ. ನನಗೆ ಈ ಪುಸ್ತಕದ ನಿಜವಾದ ಬದುಕು ಕಾಣುವುದು ಆ ಓದುಗರಲ್ಲಿ. ಜೆಪಾರಾದ ಅರಮನೆಯೊಳಗೆ ಬಂದಿಯಂತೆ ಬೆಳೆದ ಕಾರ್ತಿನಿ, ಇಂದಿಗೂ ಇಂಡೋನೇಷ್ಯಾ ಹಬ್ಬ ಮಾಡಿ ನೆನೆಯುವ ಹೆಣ್ಣುಮಗಳು, ತನ್ನ ಪತ್ರಗಳಲ್ಲಿ ಈ ಪುಸ್ತಕದ ಬಗ್ಗೆ ಬರೆದಿದ್ದಾಳೆ. ಅವಳ ಅಪ್ಪ ಸ್ವತಃ ರೀಜೆಂಟ್. ರೀಜೆಂಟ್‌ನ ಮಗಳು ರೀಜೆಂಟ್‌ನ ಮೇಲಿನ ದೂರನ್ನು ಓದುತ್ತಿದ್ದಳು. ಡೆಕ್ಕರ್‌ನ ಅಣ್ಣ ಯಾನ್‌ನ ಮೊಮ್ಮಗ ಎರ್ನೆಸ್ಟ್ ದೌವೆಸ್ ಡೆಕ್ಕರ್ 1912ರಲ್ಲಿ ಇಂಡಿಷೆ ಪಾರ್ಟಿ ಕಟ್ಟಿ ಸ್ವಾತಂತ್ರ್ಯವನ್ನೇ ಕೇಳಿದ. ಗಡಿಪಾರಾದ. ಕೊನೆಗೆ ದನುದಿರ್ಜಾ ಸೆತಿಯಾಬುದಿ ಅಂತ ಹೆಸರು ಬದಲಿಸಿಕೊಂಡು ಇಂಡೋನೇಷ್ಯಾದವನಾಗಿಯೇ ಸತ್ತ.

ಇಂಡೋನೇಷ್ಯಾದ ಕಾದಂಬರಿಕಾರ ಪ್ರಮುದ್ಯಾ ಅನಂತ ತೂರ್ ಈ ಪುಸ್ತಕವನ್ನು ‘ವಸಾಹತುಶಾಹಿಯನ್ನು ಕೊಂದ ಪುಸ್ತಕ’ ಎಂದು ಕರೆದದ್ದು 1999ರಲ್ಲಿ. ಅವರು ಬುರು ದ್ವೀಪದ ಕೈದಿ ಶಿಬಿರದಲ್ಲಿ ಹತ್ತು ವರ್ಷ ಕಳೆದವರು. ಅವರನ್ನು ಅಲ್ಲಿ ಇಟ್ಟವರು ಡಚ್ಚರಲ್ಲ, ಸ್ವತಂತ್ರ ಇಂಡೋನೇಷ್ಯಾದ ಸರ್ಕಾರ. ಅದೇ ಸರ್ಕಾರ 1976ರಲ್ಲಿ ಬಂದ ಮ್ಯಾಕ್ಸ್ ಹಾವೆಲಾರ್ ಸಿನಿಮಾವನ್ನೂ 1987ರ ತನಕ ತೋರಿಸಲು ಬಿಡಲಿಲ್ಲ. ಕಥೆಯಲ್ಲಿ ಡಚ್ಚರು ಮಾತ್ರ ಕೆಟ್ಟವರಾಗಿದ್ದರೆ ಹೆದರಿಕೆ ಯಾಕಿತ್ತು? ಕಥೆಯಲ್ಲಿ ಎಮ್ಮೆ ಕಿತ್ತುಕೊಳ್ಳುವವರು ಊರಿನವರೇ.

ಇತ್ತ ಹಾಲೆಂಡಿನಲ್ಲಿ 1988ರಲ್ಲಿ, ಮೆಕ್ಸಿಕೊದ ಸಣ್ಣ ಕಾಫಿ ರೈತರಿಗೆ ನ್ಯಾಯವಾದ ಬೆಲೆ ಕೊಡಿಸಲು ಕಾಫಿ ಪೊಟ್ಟಣದ ಮೇಲೆ ಹಾಕುವ ಒಂದು ಗುರುತು ಶುರುವಾಯಿತು. ಅದಕ್ಕಿಟ್ಟ ಹೆಸರು ಮ್ಯಾಕ್ಸ್ ಹಾವೆಲಾರ್. ಇಂದು ಎಷ್ಟೋ ದೇಶದ ಅಂಗಡಿಗಳಲ್ಲಿ ಕಾಣುವ ಫೇರ್ ಟ್ರೇಡ್ ಗುರುತುಗಳ ಹಿರಿಯಣ್ಣ ಅದು. ಡ್ರೋಗ್‌ಸ್ಟೊಪೆಲ್ ಕೇಳದೇ ಬಿಟ್ಟ ಪ್ರಶ್ನೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವುದು ಒಳ್ಳೆಯ ಕೆಲಸವೇ. ಆದರೂ ಬೆಲೆ ಹೇಳುವವನು ಇನ್ನೂ ಕೊಳ್ಳುವವನೇ ಅಲ್ವಾ ಅನ್ನುವ ತಕರಾರು ನನ್ನ ಮನಸ್ಸಿನಲ್ಲಿ ಉಳಿದಿದೆ.

2018ರಲ್ಲಿ ಲೆಬಾಕ್‌ನ ರಂಗ್ಕಾಸ್‌ಬಿತುಂಗ್‌ನಲ್ಲಿ ಮುಲ್ತಾತುಲಿ ಮ್ಯೂಸಿಯಂ ತೆರೆದರು. ಅಲ್ಲಿ ದೊಲೊರೊಸಾ ಸಿನಾಗಾ ಮಾಡಿದ ಪ್ರತಿಮೆಗಳಿವೆ. ಡೆಕ್ಕರ್ ಕೂತು ಓದುತ್ತಿದ್ದಾನೆ, ಜೊತೆಗೆ ಸೈಜಾ ಮತ್ತು ಅದಿಂದಾ. ಕಾದಂಬರಿಯಲ್ಲಿ ಈ ಇಬ್ಬರು ಕಷ್ಟಪಡುತ್ತಾರೆ, ಕಾಯುತ್ತಾರೆ, ಸಾಯುತ್ತಾರೆ. ಅವರ ಸಿಟ್ಟಿಗೆ ಮಾತು ಕೊಡುವವನು ಡಚ್ಚನೇ. ಪುಸ್ತಕದ ದೊಡ್ಡ ಕೊರತೆ ಇದು. ಬಂತೆನ್‌ನ ಜನ ನಿಜವಾಗಿ ಸುಮ್ಮನೆ ಕೂತವರಲ್ಲ. ಡೆಕ್ಕರ್ ಸತ್ತ ಮರುವರ್ಷ, 1888ರ ಜುಲೈನಲ್ಲಿ, ಅದೇ ಪ್ರಾಂತದ ಚಿಲೆಗೋನ್‌ನಲ್ಲಿ ಧರ್ಮಗುರುಗಳ ಮುಂದಾಳತ್ವದಲ್ಲಿ ರೈತರು ಆಯುಧ ಹಿಡಿದು ಎದ್ದರು. ಡಚ್ ಸೈನ್ಯ ಅವರನ್ನು ಬಗ್ಗುಬಡಿಯಿತು. ಆ ದಂಗೆಯ ಇತಿಹಾಸವನ್ನು ಇಂಡೋನೇಷ್ಯಾದ ಇತಿಹಾಸಕಾರ ಸಾರ್ತೊನೊ ಕಾರ್ತೊದಿರ್ಜೊ ವಿವರವಾಗಿ ಬರೆದಿದ್ದಾರೆ. ಮ್ಯಾಕ್ಸ್ ಹಾವೆಲಾರ್ ಓದಿ ಮುಗಿಸಿದವರು ಅದನ್ನೂ ಓದಿ. ರಾತ್ರಿ ಪೊದೆಯೊಳಗಿಂದ ಬರುತ್ತಿದ್ದವರ ಮಕ್ಕಳು, ಮೊಮ್ಮಕ್ಕಳ ಕಾಲ ಅದು. ಅಲ್ಲಿ ಅವರಿಗೆ ಹೆಸರುಗಳಿವೆ.